ಶ್ರಾವಣದ ಕೊಡ, ಬೆಟ್ಟದ ಪುಡಿ

ಮುಟ್ಟು ನಿಂತು ಎರಡು ವರ್ಷವಾಗಿತ್ತು. ಶ್ರಾವಣದ ಹನ್ನೊಂದನೆಯ ಬೆಳಿಗ್ಗೆ, ಹೊಸಪೇಟೆಯ ನಮ್ಮ ಓಣಿಯ ಹಿಂದಿನ ಕಾಲುವೆ ಮೆಟ್ಟಿಲ ಮೇಲೆ, ತುಂಬಿದ ಕೊಡ ಸೊಂಟಕ್ಕೆ ಏರಿಸಿಕೊಂಡು ನಿಂತಾಗ ತೊಡೆಯ ಮೇಲೆ ಏನೋ ಬೆಚ್ಚಗೆ ಇಳಿಯಿತು. ಕೊಡದ ನೀರು ತುಳುಕಿರಬೇಕು ಅಂದುಕೊಂಡೆ. ಆದರೆ ಕಾಲುವೆಯ ನೀರು ಬೆಚ್ಚಗಿರುವುದಿಲ್ಲ.

ಮೇಲಿನ ಮೆಟ್ಟಿಲಲ್ಲಿ ನನ್ನ ನೆಗೆಣ್ಣಿ ತನ್ನ ಕೊಡ ಹೊತ್ತು ಕಾಯುತ್ತಿದ್ದಳು. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಏಳು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೂ ನಮ್ಮ ಜೊತೆಗೇ ಇದ್ದಳು. ನಾನು ಅಕ್ಕ ಅಂತಲೇ ಕರೆಯುವುದು.

"ಯಾಕ ನಿಂತಿ? ಅಲ್ಲೇ ಬೇರು ಬಿಟ್ಟಿಯೇನು? ಬಾ ಜಲ್ದಿ, ಈಶ್ವರಗ ನೀರಡಿಕಿ ಆಗೇತಿ" ಅಂದಳು.

"ಬಂದೆ ಅಕ್ಕಾ, ಕಾಲು ಜಾರಿದಂಗಾತು."

ದೇವರ ನೀರು ಹೊತ್ತುಕೊಂಡು ನಾನು ಆಡಿದ ಮೊದಲ ಸುಳ್ಳು ಅದು.

ನಮ್ಮ ಓಣಿಯ ತುದಿಗೆ ಒಂದು ಚಿಕ್ಕ ಈಶ್ವರನ ಗುಡಿ ಇದೆ. ಶ್ರಾವಣ ಪೂರ್ತಿ ಅಲ್ಲಿಯ ಲಿಂಗದ ಅಭಿಷೇಕಕ್ಕೆ ಕಾಲುವೆಯಿಂದ ನೀರು ಹೊತ್ತು ತರುವ ಸೇವೆ ನಮ್ಮ ಮನೆಯದು. ನಲ್ಲಿ ನೀರು ನಡೆಯುವುದಿಲ್ಲ. ಒಂದು ದಿನವೂ ತಪ್ಪಬಾರದು. ಹಾಗಾಗಿ ಮುಟ್ಟು ನಿಂತ ಹೆಂಗಸರೇ ಈ ಸೇವೆ ಹಿಡಿಯಬೇಕು ಅಂತ ನಮ್ಮ ಅತ್ತೆ ನಡೆಸಿಕೊಂಡು ಬಂದಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮೂವತ್ತು ಶ್ರಾವಣ ಬಾಗಿಲಲ್ಲಿ ನಿಂತು ಬೇರೆಯವರ ಕೊಡ ನೋಡಿದ್ದೆ. ಅತ್ತೆಯ ನಂತರ ಅಕ್ಕ ಒಬ್ಬಳೇ ಹೊತ್ತಳು. ನನಗೆ ಮುಟ್ಟು ನಿಂತಾಗ ಉಳಿದ ಹೆಂಗಸರು ವಯಸ್ಸಾಯಿತು ಅಂತ ಕೊರಗುವ ಹಾಗೆ ನಾನು ಕೊರಗಲಿಲ್ಲ. ಇನ್ನು ಕೊಡ ಹೊರಬಹುದು ಅಂತ ಈಶ್ವರನಿಗೆ ಕೈಮುಗಿದೆ. ಪ್ರತಿದಿನ ಪೂಜೆಯಾದ ಮೇಲೆ ದೇವರು ಕೊಟ್ಟ ಸಣ್ಣಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಎಷ್ಟೋ ದಿನ ಮೊದಲ ಗೆಣ್ಣು ಅದರದೇ ಆಗಿತ್ತು.

ಆದರೆ ಮುಟ್ಟಿನ ಜೊತೆಗೆ ನನ್ನ ಸೊಂಟವೂ ಹೋಯಿತು. ಊಟ ಮೊದಲಿನಷ್ಟೇ. ಸೋಮವಾರ ಒಪ್ಪತ್ತು ಬೇರೆ. ಆದರೂ ಲಂಗದ ಲಾಡಿ ತಿಂಗಳು ತಿಂಗಳು ಗಿಡ್ಡವಾಗುತ್ತ ಬಂತು. ಯುಗಾದಿ ಕಳೆದ ಮೇಲೆ ಹತ್ತಿರದ ಸಾಲೆಯಲ್ಲಿ ಉಚಿತ ಆರೋಗ್ಯ ತಪಾಸಣೆ ಇಟ್ಟಿದ್ದರು. ಅಕ್ಕನನ್ನು ಕರೆದರೆ "ನನಗೇನಾಗೇತಿ?" ಅಂತ ಬರಲಿಲ್ಲ. ನಾನು ಹೋಗಿ ರಕ್ತ ಕೊಟ್ಟು ಬಂದೆ. ಎರಡು ದಿನದ ಮೇಲೆ ಚೀಟಿ ನೋಡಿದ ಡಾಕ್ಟರಮ್ಮ ರಕ್ತದಲ್ಲಿ ಕೊಬ್ಬು ಭಾಳ ಏರಿದೆ ಅಂದರು. ನಾನು ಬೆಚ್ಚಿಬಿದ್ದೆ.

"ನನ್ನ ರಕ್ತದಾಗ ಕೊಬ್ಬೇನ್ರಿ? ನಮ್ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ."

ಅವರು ನಕ್ಕರು. "ತಿಂದದ್ದರ ಮಾತಷ್ಟ ಅಲ್ರಿ ಅಮ್ಮಾ. ಮುಟ್ಟು ಇರೋತನಕ ಮೈಯಾಗ ಒಂದು ರಸ ಇರ್ತೈತಿ. ಅದು ಕೊಬ್ಬನ್ನ ತೊಡಿಗೆ, ಸೊಂಟಕ್ಕ ಕಳಸ್ತಿರ್ತೈತಿ. ಮುಟ್ಟು ನಿಂತ್ರ ಆ ರಸ ಕಮ್ಮಿ. ಆವಾಗ ಕೊಬ್ಬು ಹೊಟ್ಟಿಗೆ ಬಂದು ಕುಂದರ್ತೈತಿ, ರಕ್ತದಾಗೂ ಏರತೈತಿ. ಮೈ ಮೊದಲಿನಂಗ ಕರಗಸಂಗಿಲ್ಲ. ಎಣ್ಣಿ ಕಮ್ಮಿ ಮಾಡ್ರಿ, ದಿನಾ ನಡೀರಿ. ಮೂರು ತಿಂಗಳು ಬಿಟ್ಟು ನೋಡೋಣು. ಇಳೀಲಿಲ್ಲಂದ್ರ ಮಾತ್ರಿ ಕೊಡ್ತೀನಿ."

ಮಾತ್ರೆ ಅಂದ ಕೂಡಲೇ ನನಗೆ ಅಂಜಿಕೆ. ಒಮ್ಮೆ ಶುರುವಾದರೆ ಸಾಯುವ ತನಕ ಬಿಡುವ ಹಾಗಿಲ್ಲ ಅಂತ ಕೇಳಿದ್ದೆ.

ಅದೇ ಹೊತ್ತಿಗೆ ಎದುರು ಮನೆಯಾಕೆಯ ಪುಡಿ ಓಣಿಗೆ ಬಂತು. ಆಕೆಯ ಗಂಡ ಅದಿರು ಸಾಗಿಸಲು ಎರಡು ಟಿಪ್ಪರ್ ತೆಗೆದುಕೊಂಡಿದ್ದ. ಆ ವರ್ಷಗಳಲ್ಲಿ ನಮ್ಮ ಊರಿನಲ್ಲಿ ನಿನ್ನೆ ಸೈಕಲ್ ತುಳಿದವರು ಇವತ್ತು ಕಾರಿನಲ್ಲಿ ಹೋಗುತ್ತಿದ್ದರು. ಅಕ್ಕ ಆಕೆಗೆ ಟಿಪ್ಪರಮ್ಮ ಅಂತಲೇ ಹೆಸರಿಟ್ಟಿದ್ದಳು, ಅದೂ ಮುಖದ ಮೇಲೆ. ಬಸವ ಜಯಂತಿಯ ದಿನ ಟಿಪ್ಪರಮ್ಮ ಎರಡು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದಳು. ಸಂಡೂರಿನ ಒಬ್ಬ ನಾಟಿ ವೈದ್ಯರು ಬೆಟ್ಟದ ಬೇರು, ಅಂಟು, ತೊಗಟೆಗಳ ಸಾರ ತೆಗೆದು ಮಾಡಿದ ಪುಡಿಯಂತೆ. ಕೊಬ್ಬನ್ನು ಒಳಗಿಂದೊಳಗೇ ಕರಗಿಸುತ್ತದಂತೆ.

"ಕೆಮಿಕಲ್ ಒಂದು ಚೂರಿಲ್ಲ ನೋಡ್ರಿ. ನನ್ನ ಕುಪ್ಪಸ ಎರಡು ಸಲ ಹೊಲಿಗಿ ಒಳಗ ಹಾಕಿಸೀನಿ" ಅಂತ ತೋಳು ತೋರಿಸಿದಳು.

"ಏನವ್ವಾ ಟಿಪ್ಪರಮ್ಮ, ನಿನ್ನ ಕೊಬ್ಬನ್ನ ಟಿಪ್ಪರ್‌ನ್ಯಾಗ ತುಂಬಿ ಬಂದರಿಗೆ ಕಳಸೀರೇನು?" ಅಂದಳು ಅಕ್ಕ. ಟಿಪ್ಪರಮ್ಮನೂ ನಕ್ಕಳು. ನಗುತ್ತ ನಗುತ್ತ ಅಕ್ಕ ಎರಡನೆಯ ಡಬ್ಬಿಗೆ ಕೈ ಚಾಚಿದಳು.

"ನಿಮಗ್ಯಾಕ ಅಕ್ಕಾ? ನೀವು ಕಡ್ಡಿ ಇದ್ದಂಗ ಇದ್ದೀರಿ."

"ತೋಳು ಕಡ್ಡಿ. ಹೊಟ್ಟಿ ನೋಡು, ಕೊಡ ಆಗೇತಿ" ಅಂತ ಸೆರಗು ಸರಿಸಿ ತೋರಿಸಿದಳು. ನಿಜವೇ. ಒಣಗಿದ ಮೈಯಲ್ಲಿ ಹೊಟ್ಟೆಯೊಂದೇ ಮುಂದೆ ಬಂದಿತ್ತು. ನಾನು ನಕ್ಕುಬಿಟ್ಟೆ. ಆ ನಗು ನೆನಪಾದಾಗಲೆಲ್ಲ ಈಗಲೂ ನನ್ನ ಕೆನ್ನೆ ಬಿಸಿಯಾಗುತ್ತದೆ.

ಡಬ್ಬಿಗಳಿಗೆ ವಿಭೂತಿ ಹಚ್ಚಿ ದೇವರ ಮಾಡದಲ್ಲೇ ಇಟ್ಟೆವು. ದಿನಾ ಪೂಜೆಗೆ ಮುಂಚೆ ಬಿಸಿನೀರಿನಲ್ಲಿ ಒಂದು ಚಮಚ. ಬೇವಿಗಿಂತ ಕಹಿ. ಕುಡಿದ ಅರ್ಧ ಗಂಟೆಗೆ ಹಿತ್ತಲಿಗೆ ಓಡಬೇಕು. ನಾನು ಹೊರಬಂದರೆ ಅಕ್ಕ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಸರಿ, ಸರಿ. ನಂದೂ ಕರಗೇತಿ" ಅಂತ ಒಳಗೆ ನುಗ್ಗುವಳು. ಮೂರು ತಿಂಗಳಲ್ಲಿ ನನ್ನ ಲಾಡಿ ಒಂದು ಗೇಣು ಸಡಿಲವಾಯಿತು. ಡಾಕ್ಟರಮ್ಮ ಹೇಳಿದ್ದ ಮೂರು ತಿಂಗಳು ಮುಗಿದರೂ ನಾನು ಆ ಕಡೆ ಸುಳಿಯಲಿಲ್ಲ. ಮೈ ಇಳಿದಿದೆಯಲ್ಲ, ಇನ್ನೇನು ತೋರಿಸುವುದು? ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಏದುಸಿರೂ ಇರಲಿಲ್ಲ. ಬೆಟ್ಟವನ್ನು ಹುಟ್ಟಿಸಿದ ದೇವರೇ ಬೇರನ್ನೂ ಕೊಟ್ಟಿದ್ದಾನೆ ಅಂತ ಗೆಣ್ಣು ಎಣಿಸಿದೆ.

ಹನ್ನೊಂದನೆಯ ದಿನ ಆದದ್ದು ಇದೆಲ್ಲದರ ಮೇಲೆ.

ಅವತ್ತು ನೀರು ಹಾಕಿ ಬಂದವಳೇ ಬಚ್ಚಲಿಗೆ ಹೋಗಿ ನೋಡಿಕೊಂಡೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ನನಗೆ ಮೊದಲು ಬಂದದ್ದು ರೋಗದ ಯೋಚನೆ ಅಲ್ಲ. ಸೇವೆ ಕೆಟ್ಟಿತಲ್ಲ ಅಂತ. ಹೇಳಿದರೆ ಮನೆತನದ ಶ್ರಾವಣ ನನ್ನಿಂದ ಮುರಿಯಿತು ಅನ್ನುತ್ತಾರೆ. ಹೇಳದಿದ್ದರೆ ಈಶ್ವರನಿಗೆ ಮೈಲಿಗೆ ನೀರು ಹಾಕಿದ ಪಾಪ. ನಾಳೆಯ ಹೊತ್ತಿಗೆ ನಿಲ್ಲಲಿ ಅಂತ ಹರಕೆ ಹೊತ್ತು ಸುಮ್ಮನಾದೆ. ಮರುದಿನವೂ ನಿಲ್ಲಲಿಲ್ಲ. ಅದರ ಮರುದಿನವೂ.

ಮುಚ್ಚಿಡುವುದು ಕಷ್ಟವೂ ಆಗಲಿಲ್ಲ.  ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳು ನಮ್ಮ ಓಣಿಯ ಮುಂದಿನ ರಸ್ತೆಯಲ್ಲೇ ಹಗಲಿಡೀ ಹೋಗುತ್ತಿದ್ದವು. ಒಣಹಾಕಿದ ಸೀರೆ, ತುಳಸಿ ಎಲೆ, ಅಂಗಳದ ರಂಗೋಲಿ ಎಲ್ಲದರ ಮೇಲೂ ಕೆಂಪು ಧೂಳು. ಬಟ್ಟೆ ಹಿಂಡಿದರೆ ಇಡೀ ಓಣಿಯ ಬಚ್ಚಲ ನೀರು ಕೆಂಪಗೇ ಹರಿಯುತ್ತಿತ್ತು. ಒಂದು ಮನೆಯ ನೀರು ಯಾಕೆ ಕೆಂಪು ಅಂತ ಇನ್ನೊಬ್ಬರು ಕೇಳುವ ಕಾಲವೇ ಅಲ್ಲ ಅದು.

ಐದನೆಯ ದಿನ ಹೂಬತ್ತಿಯ ಹತ್ತಿ ತರುತ್ತೇನೆ ಅಂತ ಹೇಳಿ ಆಟೋ ಹತ್ತಿ ಡಾಕ್ಟರಮ್ಮನ ಹತ್ತಿರ ಹೋದೆ. ವಿಷಯ ಕೇಳಿದ ಕೂಡಲೇ ಅವರ ಮುಖದ ನಗು ಆರಿತು.

"ಐದು ದಿನ ಏನ್ ಮಾಡ್ತಿದ್ರಿ?"

"ಶ್ರಾವಣದ ಸೇವಾ ನಡದೈತ್ರಿ."

"ನೋಡ್ರಿ ಅಮ್ಮಾ, ಮುಟ್ಟು ನಿಂತು ವರ್ಷ ಆದ ಮ್ಯಾಲ ಒಂದು ಹನಿ ಕಂಡ್ರೂ ಅವತ್ತ ಬರಬೇಕು. ಕ್ಯಾನ್ಸರ್ ಇರಬಹುದು, ಇಲ್ಲದೂ ಇರಬಹುದು. ನೋಡಿದ ಹೊರತು ದೇವರಾಣಿ ನನಗೂ ಗೊತ್ತಾಗಂಗಿಲ್ಲ."

ಆ ಮಾತನ್ನು ಅಷ್ಟು ಸಲೀಸಾಗಿ ಹೇಳಿದರು.  ಸ್ಕ್ಯಾನ್ ಮಾಡಿದರು. ಗರ್ಭಚೀಲದ ಒಳಪದರ ದಪ್ಪಗಾಗಿದೆ ಅಂದರು. ಅದರದೊಂದು ಚೂರು ತೆಗೆದು ಬಳ್ಳಾರಿಗೆ ಪರೀಕ್ಷೆಗೆ ಕಳಿಸಿದರು, ಎಂಟು ದಿನ ಬೇಕು. ರಕ್ತದ ಕೊಬ್ಬನ್ನು ಅಲ್ಲೇ ಮತ್ತೊಮ್ಮೆ ನೋಡಿಸಿದರು. ಅದು ಹಿಂದಿನ ಚೀಟಿಯಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು.

"ಮತ್ತ ನನ್ನ ಮೈ ಇಳದೈತಲ್ರಿ?"

"ನೀರು ಇಳದೈತಿ. ಕೊಬ್ಬು ಹಂಗ ಐತಿ. ಏನ್ ತಿಂತಿದ್ರಿ, ಖರೆ ಹೇಳ್ರಿ."

ಪುಡಿಯ ಸಂಗತಿ ಹೇಳಿದೆ. ಡಬ್ಬಿಯ ಮೇಲೆ ಶುದ್ಧ ಸಸ್ಯಸಾರ ಅಂತ ಬಿಟ್ಟರೆ ಏನೂ ಬರೆದಿಲ್ಲ ಅಂತಲೂ ಹೇಳಿದೆ. ಅವರು ಹಣೆ ಒತ್ತಿಕೊಂಡರು. ಕೆಲವು ಗಿಡಗಳಲ್ಲಿ ಹೆಂಗಸರ ಮೈಯ ಆ ರಸದ ಹಾಗೆಯೇ ಕೆಲಸ ಮಾಡುವ ಅಂಶ ಇರುತ್ತದಂತೆ, ಒಳಪದರ ದಪ್ಪಗಾಗಿ ರಕ್ತ ಕಾಣುವುದು ಅದರಿಂದಲೂ ಇರಬಹುದಂತೆ. ಕೆಲವರು ಪುಡಿಗೆ ಬೇರೆ ಮದ್ದನ್ನೇ ಬೆರೆಸುತ್ತಾರಂತೆ. "ಇವತ್ತ ಬಿಡ್ರಿ ಅದನ್ನ. ಅದರಾಗ ಯಾವ ಗಿಡ ಐತಿ ಅಂತ ಕೇಳ್ಕೊಂಡು ಬರ್ರಿ. ಹೆಸರು ಗೊತ್ತಾದ್ರ ನನಗೂ ದಾರಿ" ಅಂದರು.

ನನ್ನ ಗಂಡನಿಗೆ ಅವತ್ತೇ ಹೇಳಿದೆ. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ಮೋಟಾರಿನ ಸದ್ದು ಕೇಳಿದ ಮನುಷ್ಯ, ಮಾತು ಕಡಿಮೆ.  "ನನಗರ ಹೇಳಬಾರದಿತ್ತೇನು?" ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಹೇಳುವುದು ಬೇಡ, ಶ್ರಾವಣ ಮುಗಿಯಲಿ ಅಂತ ನಾನೇ ಅವರ ಬಾಯಿ ಕಟ್ಟಿದೆ. ಕೊಡವನ್ನೂ ಬಿಡಲಿಲ್ಲ. ಬಿಟ್ಟರೆ ಅಕ್ಕ ಯಾಕೆ ಅಂತ ಕೇಳುತ್ತಾಳಲ್ಲ.

ಮೂರು ದಿನದ ಮೇಲೆ ಸ್ಕೂಟರಿನಲ್ಲಿ ಸಂಡೂರಿಗೆ ಹೊರಟೆವು. ಅರ್ಧ ದಾರಿ ಲಾರಿಗಳ ಸಾಲಿನ ಪಕ್ಕದಲ್ಲೇ ಹೋದದ್ದು. ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಹಲ್ಲಿನಲ್ಲಿ ಮಣ್ಣು ಕರಕರ ಅನ್ನುತ್ತಿತ್ತು. ವೈದ್ಯರ ಮನೆ ಊರ ಹೊರಗಿತ್ತು. ಮೋಸಗಾರನೊಬ್ಬ ಎದುರಾಗುತ್ತಾನೆ ಅಂತ ನಾನು ಜಗಳಕ್ಕೆ ಮಾತು ಕೂಡಿಸಿಕೊಂಡು ಹೋಗಿದ್ದೆ. ಹೊರಗೆ ಬಂದವರು ಬಿಳಿ ಧೋತರದ ಮುದುಕರು, ಹಣೆಯ ಮೇಲೆ ನಮ್ಮ ಮನೆಯವರಷ್ಟೇ ವಿಭೂತಿ. "ಬಿಸಲಾಗ ಬಂದೀರಿ, ಕುಂದ್ರಿ" ಅಂತ ಮಜ್ಜಿಗೆ ಕೊಟ್ಟರು.

ಪುಡಿಯಲ್ಲಿ ಏನೇನಿದೆ ಅಂತ ಕೇಳಿದೆ. ಮಕ್ಕಳ ಹೆಸರು ಹೇಳುವ ಹಾಗೆ ಹೇಳಿದರು: ಗುಗ್ಗುಳದ ಅಂಟು, ಹೊನ್ನೆಯ ಚಕ್ಕೆ, ಮಧುನಾಶಿನಿಯ ಎಲೆ, ಬೆಟ್ಟದ ನೆತ್ತಿಯಲ್ಲಿ ಸಿಗುವ ಒಂದು ಬೇರು. ಅವರ ಅಜ್ಜನ ಕಾಲದಿಂದ ಬಂದ ಕ್ರಮವಂತೆ. ಗಂಡ ಚೀಟಿಯಲ್ಲಿ ಬರೆದುಕೊಂಡರು. ನನಗೆ ಎಷ್ಟೋ ಸಮಾಧಾನವಾಯಿತು. ಡಬ್ಬಿಯನ್ನು ಮುಂದಿಟ್ಟು, "ಅವೆಲ್ಲಾ ಇದರಾಗ ಅದಾವಲ್ರಿ?" ಅಂದೆ.

ಮುದುಕರು ಡಬ್ಬಿಯನ್ನು ಮುಟ್ಟಲಿಲ್ಲ. ಎದ್ದು ಹಿತ್ತಲಿಗೆ ಕರೆದುಕೊಂಡು ಹೋಗಿ ಕೈ ಎತ್ತಿ ತೋರಿಸಿದರು. ಎದುರಿಗಿದ್ದ ಬೆಟ್ಟಕ್ಕೆ ನೆತ್ತಿಯೇ ಇರಲಿಲ್ಲ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಆ ಕೆಂಪು ಮೆಟ್ಟಿಲುಗಳ ಮೇಲೆ ಯಂತ್ರಗಳು ಇರುವೆಯ ಹಾಗೆ ಓಡಾಡುತ್ತಿದ್ದವು.

"ಅಕಾ ನೋಡ್ರಿ, ಅಲ್ಲಿತ್ತು ನನ್ನ ಬೇರು" ಅಂದರು. "ಎರಡು ವರ್ಷಾತು. ಈಗ ಪರವೂರಿಂದ ಚೀಲದಾಗ ಪುಡಿ ತರಸ್ತೀನಿ. ಅದೂ ಸಸ್ಯಸಾರನ ಅಂತ ಹೇಳಿ ಕೊಡ್ತಾರ. ನಾನು ಡಬ್ಬಿಗೆ ತುಂಬತೀನಿ."

"ಅದರಾಗ ಏನೈತ್ರಿ?"

"ನನಗೂ ಗೊತ್ತಿಲ್ಲ ತಾಯಿ."

ಯಾವತ್ತೂ ದನಿ ಏರಿಸದ ನನ್ನ ಗಂಡ ಅವತ್ತು ಏರಿಸಿದರು. "ಏನೈತಂತ ಗೊತ್ತಿಲ್ದ ಮಂದಿಗೆ ತಿನಸ್ತೀರೇನ್ರಿ?"

"ಮಂದಿ ಬಂದು ಕೇಳತಾರಪ್ಪ. ಮೊದಲಿಂದಕ್ಕಿಂತ ಇದು ಮಸ್ತ್ ಕೆಲಸ ಮಾಡತೈತಿ ಅಂತಾರ." ಮುದುಕರು ತಲೆ ತಗ್ಗಿಸಿದರು. "ಅಷ್ಟು ಜಲ್ದಿ ಕೆಲಸ ಮಾಡೋ ಬೇರು ನಮ್ಮ ಬೆಟ್ಟದಾಗ ಇರಲಿಲ್ಲ. ಅದಕ್ಕ ನನಗೂ ಅಂಜಿಕಿ ಇತ್ತು."

ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಅಂಜಿಕೆ ಇದ್ದೂ ತುಂಬಿ ಕೊಟ್ಟ ಆ ಕೈ, ರಕ್ತ ಕಂಡೂ ಕೊಡ ಹೊತ್ತ ನನ್ನ ಕೈ. ಯಾರನ್ನು ಬೈಯಲಿ?

ಮನೆಗೆ ಬಂದಾಗ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳೂ ಅದೇ ಪುಡಿ ತಿನ್ನುವವಳು, ಮೂರು ದಿನ ಹೇಳದೆ ಇದ್ದದ್ದೇ ತಪ್ಪು, ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ: ಬೆಟ್ಟ, ಚೀಲದ ಪುಡಿ, ಡಾಕ್ಟರಮ್ಮನ ಮಾತು, ಹನ್ನೊಂದನೆಯ ದಿನ. "ಕ್ಷಮಾ ಮಾಡು ಅಕ್ಕಾ, ನಿನ್ನ ಜೋಡಿ ಮೈಲಿಗಿ ಕೊಡ ಹೊತ್ತೆ. ಆ ಪುಡಿ ಸಂಬಂಧ ಎಲ್ಲಾ ಆತು. ನೀನೂ ಇವತ್ತಿಂದ ಅದನ್ನ ಮುಟ್ಟಬ್ಯಾಡ" ಅಂದೆ.

ಅವಳ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ತಿರುವಲಿಲ್ಲ.

"ಪುಡಿದಲ್ಲ" ಅಂದಳು.

"ಏನು ಪುಡಿದಲ್ಲ?"

"ನಂದು."

ನನಗೆ ಅರ್ಥವಾಗಲಿಲ್ಲ. ಅವಳು ಹಿಟ್ಟಿನ ಕೈಯನ್ನೇ ನೋಡುತ್ತ ಹೇಳಿದಳು: "ಹೋಳಿ ಹುಣ್ಣಿವಿ ದಿನ ಕಂಡಿತ್ತು ನನಗ. ಓಣ್ಯಾಗ ಬಣ್ಣ ಎರಚಿದ್ರಲ್ಲ, ಸೀರಿಗೆ ಬಣ್ಣ ಹತ್ತೇತಿ ಅಂದ್ಕೊಂಡೆ. ಮರುದಿನಾನೂ ಕಂಡಿತು. ಬರತೈತಿ, ಹೋಗತೈತಿ. ಇವತ್ತೂ ಐತಿ."

ಪುಡಿ ಬಂದದ್ದು ಬಸವ ಜಯಂತಿಗೆ. ಹೋಳಿ ಅದಕ್ಕಿಂತ ಎಷ್ಟೋ ಮುಂಚೆ. ಉಪಕಾರ ಎಣಿಸುವ ಅದೇ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದೆ. ಐದು.  ನನಗೆ ಪುಡಿ ಅನ್ನುವ ನೆಪವಾದರೂ ಇತ್ತು. ಅವಳಿಗೆ ಅದೂ ಇರಲಿಲ್ಲ. ಡಾಕ್ಟರಮ್ಮ ಹೇಳಿದ ಆ ಮಾತು ನನ್ನನ್ನು ಬಿಟ್ಟು ಅವಳ ತಲೆಯ ಮೇಲೆ ಹೋಗಿ ನಿಂತಿತು. ಕಡ್ಡಿಯಂಥ ಮೈಯಲ್ಲಿ ಮುಂದೆ ಬಂದಿದ್ದ ಆ ಹೊಟ್ಟೆ ಕಣ್ಣಿಗೆ ಕಟ್ಟಿತು. ನಾನು ನೋಡಿ ನಕ್ಕ ಹೊಟ್ಟೆ.

"ಯಾಕ ಹೇಳಲಿಲ್ಲ ಅಕ್ಕಾ?"

"ಯಾರಿಗ ಹೇಳ್ಲಿ? ಗಂಡ ಹೋಗಿ ಒಂಬತ್ತು ವರ್ಷಾತು. ಐವತ್ತೆಂಟು ವರ್ಷದಾಕಿ ಮುಟ್ಟಾದೆ ಅಂದ್ರ ಮಂದಿ ನಗತಾರ. ಇಲ್ಲಂದ್ರ ಬ್ಯಾರೇನ ಅಂತಾರ." ಸೆರಗಿನಿಂದ ಮೂಗು ಒರೆಸಿಕೊಂಡಳು, ಮೂಗಿಗೆಲ್ಲ ಹಿಟ್ಟು. "ಆ ಟಿಪ್ಪರಮ್ಮ ಕರಗತೈತಿ, ಕರಗತೈತಿ ಅಂದ್ಲಲ್ಲ. ಹೊಟ್ಟ್ಯಾಗ ಏನೈತೋ ಅದೂ ಕರಗಿ ಹೋಗ್ಲಿ ಅಂತ ತಿಂದೆ."

ನಾನು ಹಂಚಿನ ಮೇಲಿನ ಸೀದ ರೊಟ್ಟಿ ತೆಗೆದಿಟ್ಟೆ. ಆಮೇಲೆ ಅವಳೇ ಮೆಲ್ಲಗೆ ಕೇಳಿದಳು: "ಹಂಗಾರ ನಾವಿಬ್ರೂ ಜೋಡೀಲೆ ಎಷ್ಟು ದಿನ ಹೊತ್ತಂಗಾತು?"

"ಎಂಟು ದಿನ."

"ನಾನು ನಿನಗ ಕಾಣದಂಗ, ನೀನು ನನಗ ಕಾಣದಂಗ?"

"ಹೂಂ."

"ಹುಚ್ಚ ಮುಂಡೇರು ಇಬ್ರೂ" ಅಂದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆವು.

ಆದರೆ ಡಾಕ್ಟರ ಹತ್ತಿರ ನಡಿ ಅಂದರೆ ಅವಳು ಕಲ್ಲು. "ಇನ್ನ ಹನ್ನೆರಡು ದಿನ ಐತಿ. ಶ್ರಾವಣ ಮುಗೀಲಿ. ಐದು ತಿಂಗಳು ತಡದಾಕಿ ಹನ್ನೆರಡು ದಿನ ತಡೀಲಾರೆನೇನು?" ನಾನು ಕೈಮುಗಿದೆ, ಗಂಡ ಬೇಡಿಕೊಂಡರು. ಕಂಪ್ಲಿಯಿಂದ ಅವಳ ತಮ್ಮನನ್ನು ಕರೆಸುತ್ತೇವೆ ಅಂದೆವು. "ತವರಿಗೆ ಹೇಳಿದ್ರ ಕಾಲುವೀಗ ಬೀಳತೀನಿ" ಅಂದಳು. ಕಡೆಗೆ ಅವಳ ಬಾಯಿಂದ ಬಂದ ಮಾತು ಒಂದೇ: "ನನ್ನ ಸೇವಾ ಕೆಡಸಬ್ಯಾಡ ತಂಗಿ. ಆಮ್ಯಾಲೆ ಏನರ ಆಗ್ಲಿ."

ಅವಳ ಜೀವದ ಎದುರಿಗೆ ನಿಂತದ್ದು ಆ ಕೊಡ. ಅದನ್ನು ಇಳಿಸಬಲ್ಲವರು ಒಬ್ಬರೇ. ಮರುದಿನ ಅಭಿಷೇಕವಾಗಿ ಅಕ್ಕ ಮನೆಗೆ ಹೊರಟ ಮೇಲೆ ನಾನು ಗುಡಿಯಲ್ಲೇ ಉಳಿದೆ. ಪೂಜೆ ಮಾಡುವ ಅಯ್ಯನವರ ಮುಂದೆ, ತಲೆ ಎತ್ತದೆ, ಇಬ್ಬರ ಸಂಗತಿಯನ್ನೂ ಹೇಳಿದೆ. ಗುಡಿ ತೊಳೆಸಬೇಕು, ಪ್ರಾಯಶ್ಚಿತ್ತ ಆಗಬೇಕು ಅನ್ನುತ್ತಾರೆ ಅಂತ ಕಾಯುತ್ತ ನಿಂತೆ.

"ಮುಟ್ಟಾದಾಗ ಈ ನೀರು ಹೊರಬಾರದು ಅಂತ ಯಾರ್ ಹೇಳಿದ್ರವ್ವ ನಿಮಗ?" ಅಂದರು.

"ನಮ್ಮ ಅತ್ತಿಯವರು."

"ನಿಮ್ಮ ಕೊರಳಾಗ ಲಿಂಗ ಐತಿಲ್ಲೋ?"

"ಐತ್ರಿ."

"ಮುಟ್ಟಾದ ದಿನ ಅದನ್ನ ತಗದು ಗೂಟಕ್ಕ ಹಾಕ್ತಿದ್ರೇನು?"

"ಶಿವನೇ, ಇಲ್ರಿ! ಅದನ್ನ ತಗೀತಾರೇನ್ರಿ?"

"ಮತ್ತ ಕೊರಳಾಗಿನ ಲಿಂಗಕ್ಕಿಲ್ಲದ ಮೈಲಿಗಿ ಈ ಕಲ್ಲಿನ ಲಿಂಗಕ್ಕ ಎಲ್ಲಿಂದ ಬಂತು? ನಮ್ಮಲ್ಲಿ ಅದು ಇಲ್ಲೇ ಇಲ್ಲ. ನಿಮ್ಮ ಅತ್ತಿ ಮಾಡ್ತಿದ್ರು, ನೀವು ಮಾಡಿದ್ರಿ. ನನ್ನನ್ನ ಒಬ್ಬರರ ಕೇಳಿದ್ರೇನು?"

 ರಕ್ತ ಕಂಡಾಗ, ಕ್ಯಾನ್ಸರ್ ಅನ್ನುವ ಮಾತು ಕೇಳಿದಾಗ, ಬೆಟ್ಟದ ನೆತ್ತಿ ಕಾಣದಾದಾಗ ಆದದ್ದೆಲ್ಲ ಒಂದು ತೂಕವಾದರೆ ಇದು ಇನ್ನೊಂದು. ಮೂವತ್ತು ಶ್ರಾವಣ ನಾನು ಬಾಗಿಲಲ್ಲಿ ನಿಂತದ್ದು ಯಾರು ಹೇಳಿ? ಐದು ತಿಂಗಳು ಅಕ್ಕ ಗುಟ್ಟಾಗಿ ರಕ್ತದ ಬಟ್ಟೆ ಹಿಂಡಿದ್ದು ಯಾವ ದೇವರಿಗೆ ಅಂಜಿ? ಇಲ್ಲದ ಒಂದು ಕಟ್ಟಳೆಗೆ ಒಂದು ಜೀವವನ್ನೇ ಕೊಡಲು ಹೊರಟಿದ್ದೆವು.

ಅಯ್ಯನವರು ನನ್ನ ಜೊತೆಗೇ ಮನೆಗೆ ಬಂದರು. ಅಕ್ಕ ಕಾಲಿಗೆರಗಲು ಬಂದರೆ ಎರಡು ಹೆಜ್ಜೆ ಹಿಂದೆ ಸರಿದರು.

"ನಾಳಿಂದ ನಿನ್ನ ಕೊಡ ಇಳಸ್ಕೊಳ್ಳಂಗಿಲ್ಲ" ಅಂದರು.

ಅಕ್ಕ ನನ್ನನ್ನು ಸುಡುವ ಹಾಗೆ ನೋಡಿದಳು. "ಮೈಲಿಗಿ ಆತೇನ್ರಿ?"

"ಬರೇ ಮೈಲಿಗಿ ಮಾತಾಗಿದ್ರ ನಾ ಬ್ಯಾಡ ಅಂತಿದ್ದಿಲ್ಲ. ಜಡ್ಡು ಮುಚ್ಚಿಟ್ಟು ತಂದ ನೀರು ನನಗ ಬ್ಯಾಡ. ಡಾಕ್ಟರ್ ಚೀಟಿ ತಗೊಂಡು ಬಾ, ಅವತ್ತ ಹಾಕಸ್ತೀನಿ."

ಅವಳು ನನ್ನ ಜೊತೆ ಮಾತು ಬಿಟ್ಟಳು. ಆದರೆ ಮಾರನೆಯ ದಿನ ಆಟೋ ಹತ್ತಿದಳು. ಆಟೋದಲ್ಲಿ ದಾರಿಯುದ್ದಕ್ಕೂ ಆ ಕಡೆ ಮುಖ. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಮಾತ್ರ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ನನ್ನ ಪರೀಕ್ಷೆಯ ಚೀಟಿ ಮೊದಲು ಬಂತು. ಏನೂ ಇರಲಿಲ್ಲ. ಪುಡಿ ಬಿಟ್ಟ ಎರಡನೆಯ ವಾರಕ್ಕೆ ರಕ್ತವೂ ನಿಂತಿತು. ಅಕ್ಕನದು ಬಂದ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಬಾಗಿಲು ಹಾಕಿದರು. ಇದೆ ಅಂದರು. ಗರ್ಭಚೀಲದ ಒಳಪದರದಲ್ಲೇ ಇದೆ, ಇನ್ನೂ ಗೋಡೆ ದಾಟಿಲ್ಲ, ತೆಗೆದರೆ ಉಳಿಯುತ್ತಾರೆ ಅಂದರು. ಅದರ ಜೊತೆಗೆ ಒಂದು ಗಡ್ಡೆಯೂ ಇತ್ತು. ಹೊಟ್ಟೆ ಮುಂದೆ ಬಂದಿದ್ದು ಅದರಿಂದ.

"ಪುಡಿಯಿಂದ ಬಂತೇನ್ರಿ ಇದು?" ಅಂತ ನನ್ನ ಗಂಡ ಕೇಳಿದರು.

"ಇಲ್ಲ, ಇವರಿಗೆ ಮೊದಲ ಇತ್ತು. ಉರಿಯೋದಕ್ಕ ಪುಡಿ ತುಪ್ಪ ಸುರದಿರಬಹುದು, ಅಷ್ಟ." ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಹುಷಾರಿರ್ರಿ. ಮುಟ್ಟು ನಿಂತ ಮ್ಯಾಲ ಕೊಬ್ಬು ಸುಮ್ನ ಕುಂತಿರಂಗಿಲ್ಲ, ಅದರಿಂದನೂ ಒಂದಿಷ್ಟು ಆ ರಸ ಹುಟ್ಟತೈತಿ. ಅದಕ್ಕ ನಡೀರಿ ಅಂತ ಬಡಕೊಂಡದ್ದು ನಾನು."

ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಈಕಿ ಹೇಳಿರಲಿಲ್ಲಂದ್ರ ನಾ ಯಾವಾ‌ಗ ಬರ್ತಿದ್ದೆನೋ. ಆವಾಗ?"

ಡಾಕ್ಟರಮ್ಮ ಬಳ್ಳಾರಿಯ ಆಸ್ಪತ್ರೆಗೆ ಚೀಟಿ ಬರೆದು ಅವಳ ಕೈಗೆ ಕೊಟ್ಟರು. 

ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಹೋಗುವ ಮುಂಚೆ ಅಕ್ಕ ಡಾಕ್ಟರ ಚೀಟಿಯನ್ನು ಗುಡಿಗೆ ಒಯ್ದು ಅಯ್ಯನವರ ಮುಂದೆ ಹಿಡಿದಳು. ಅವರು ಅದನ್ನು ಓದಲಿಲ್ಲ. ಒಂದು ಚೊಂಬು ನೀರು ಅವಳ ಕೈಯಿಂದಲೇ ಲಿಂಗದ ಮೇಲೆ ಹಾಕಿಸಿದರು. ಶ್ರಾವಣದ ಉಳಿದ ದಿನ ಎರಡು ಕೊಡವನ್ನೂ ನಾನೇ ಎರಡು ಸುತ್ತಿನಲ್ಲಿ ಹೊತ್ತೆ, ಸೇವೆ ತಪ್ಪಲಿಲ್ಲ. ಟಿಪ್ಪರಮ್ಮನ ಮನೆಗೂ ಹೋಗಿ ಎಲ್ಲ ಹೇಳಿಬಂದೆ. "ನನಗೇನೂ ಆಗಿಲ್ಲ" ಅಂತ ಬಾಗಿಲು ಹಾಕಿಕೊಂಡಳು. ಆದರೆ ಒಂದು ವಾರದಲ್ಲಿ ಅವಳ ಕಿಟಕಿಯಲ್ಲಿ ಸಾಲಾಗಿ ಕೂತಿದ್ದ ಡಬ್ಬಿಗಳು ಕಾಣದಾದವು.

ಆ ವರ್ಷ ನಾನು ಗೆಣ್ಣು ಎಣಿಸಲು ಕೂತರೆ ಮೊದಲ ಗೆಣ್ಣಿನಲ್ಲೇ ತೊಡಕು. ಗೊತ್ತಿಲ್ಲದ ಯಾವುದೋ ಪುಡಿ ನನ್ನ ಮೈಯಿಂದ ರಕ್ತ ಇಳಿಸಿತು. ಅದು ಇಳಿಯದಿದ್ದರೆ ನಾನು ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ, ಸಂಡೂರಿಗೆ ಹೋಗುತ್ತಿರಲಿಲ್ಲ, ಒಲೆಯ ಮುಂದೆ ಅಕ್ಕನಿಗೆ ಹೇಳುತ್ತಿರಲಿಲ್ಲ. ಇದನ್ನು ಉಪಕಾರ ಅನ್ನಲೇ? ಇವತ್ತಿಗೂ ಬಗೆಹರಿದಿಲ್ಲ. ಹೆದರಿಕೆಯಿಂದಲೇ ಎಣಿಸುತ್ತೇನೆ.

ಮುಂದಿನ ಶ್ರಾವಣಕ್ಕೆ ಅಕ್ಕ ಕೊಡದ ಬದಲು ಚೊಂಬು ಹಿಡಿದಳು, ಭಾರ ಎತ್ತಬಾರದು ಅಂದಿದ್ದರು. ನನ್ನ ರಕ್ತದ ಕೊಬ್ಬು ಅಷ್ಟಿಷ್ಟು ಇಳಿದಿತ್ತು. ನಡಿಗೆಯಿಂದಲೋ, ಕಡೆಗೂ ಒಪ್ಪಿಕೊಂಡ ಆ ಮಾತ್ರೆಯಿಂದಲೋ. ಓಣಿಯ ಇನ್ನಿಬ್ಬರು ಹೆಂಗಸರನ್ನೂ ಸೇವೆಗೆ ಸೇರಿಸಿಕೊಂಡೆವು. ಒಬ್ಬಳಿಗೆ ಇನ್ನೂ ಮೂವತ್ತು. ಮುಟ್ಟಾದ ದಿನ ಅವಳು ಬಾಗಿಲಲ್ಲಿ ನಿಂತು ಅನುಮಾನಿಸಿದರೆ ಅಕ್ಕನೇ ಕೈ ಹಿಡಿದು ಎಳೆದುಕೊಂಡು ಬಂದಳು.

ಮೊದಲ ದಿನ ಕಾಲುವೆಯ ಮೆಟ್ಟಿಲಿನ ಮೇಲೆ ನಾನು ಕೊಡ ಏರಿಸಿಕೊಂಡು ನಿಂತಾಗ, ಮೇಲಿನಿಂದ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಏನರ ಐತೇನು?"

ನಾಚಿಕೆಯಿಂದ ನನ್ನ ಕಿವಿ ಕೆಂಪಾದವು. "ಏನೂ ಇಲ್ಲ" ಅಂದೆ. "ನಿನಗ?"

"ಇರೋ ಚೀಲಾನ ತಗದಾರ, ಎಲ್ಲಿಂದ ಬರತೈತಿ? ನಡಿ, ಈಶ್ವರಗ ನೀರಡಿಕಿ ಆಗೇತಿ."

ಅವತ್ತಿನಿಂದ ಆ ಪ್ರಶ್ನೆ ನಮ್ಮ ನಮಸ್ಕಾರದ ಹಾಗೆ ಆಗಿಹೋಗಿದೆ. ನೀರು ಎತ್ತುವ ಮುಂಚೆ ಪ್ರತಿಯೊಬ್ಬಳೂ ಪಕ್ಕದವಳನ್ನು ಕೇಳಬೇಕು, ಪಕ್ಕದವಳು ಖರೆ ಹೇಳಬೇಕು. ಸುಳ್ಳು ಹೇಳಿದವಳ ಕೊಡವನ್ನು ಅಯ್ಯನವರು ಇಳಿಸಿಕೊಳ್ಳುವುದಿಲ್ಲ.